ಅಡುಗೆಮನೆ ಕಿಟಕಿಯ ಆಚೆಗಿದ್ದ ಇಂಜಿನ್

ಕಬಕದ ನಮ್ಮ ಮನೆಯಲ್ಲಿ ಕಾರಿಗೆ ಇದ್ದಷ್ಟು ಜಾಗ ನಮಗೆ ಯಾರಿಗೂ ಇರಲಿಲ್ಲ. ಮುರಕಲ್ಲಿನ ಗೋಡೆ, ಅದರಲ್ಲೂ ಸಿಮೆಂಟು ಕಂಡದ್ದು ರಸ್ತೆಗೆ ಕಾಣುವ ಒಂದು ಬದಿ ಮಾತ್ರ. ಒಂದು ಜಗಲಿ, ಒಂದು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಗೋಡೆಗೆ ಒರಗಿಸಿ ಶೀಟು ಇಳಿಸಿದ ಕಾರಿನ ಶೆಡ್ಡು. ಗಲ್ಫಿನಿಂದ ವಾಪಸು ಬಂದ ಅಪ್ಪ, ನಮ್ಮ ಬಾಯಲ್ಲಿ ಉಪ್ಪ, ಮೊದಲು ಕಟ್ಟಿಸಿದ್ದು ಅದನ್ನೇ. ಇನ್ನೊಂದು ಕೋಣೆ ಮಾಡಿಸಿ ಎಂದು ಉಮ್ಮ ಎಷ್ಟು ಹೇಳಿದರೂ ಅವರ ಹತ್ತಿರ ಉತ್ತರ ತಯಾರಿತ್ತು: "ನಾವು ಮುದುಡಿ ಮಲಗಬಹುದು, ಕಾರಿಗೆ ಮುದುಡಲಿಕ್ಕೆ ಬರುದಿಲ್ಲ." ಅಡುಗೆಮನೆಯ ಕಿಟಕಿ ಸೀದಾ ಶೆಡ್ಡಿಗೆ ತೆರೆಯುತ್ತಿತ್ತು. ಒಲೆಯ ಹತ್ತಿರ ನಿಂತರೆ ಕಾರಿನ ಬೋನೆಟ್ಟು ಕೈಗೆಟಕುವಷ್ಟು ಸಮೀಪ. ನಮ್ಮ ಮನೆಯ ಚಾ, ಚಟ್ನಿ, ಜಗಳ ಎಲ್ಲ ಆ ಕಿಟಕಿಯಲ್ಲೇ ಆಚೀಚೆ ಹೋಗುತ್ತಿದ್ದವು. ಉಪ್ಪ ಬೋನೆಟ್ಟಿನೊಳಗೆ ತಲೆ ಹಾಕಿದ್ದರೆ ಉಮ್ಮ ಕಿಟಕಿಯ ಕಂಬಿಗೆ ಸೌಟಿನಿಂದ ಕುಟ್ಟಿ ಊಟಕ್ಕೆ ಕರೆಯುತ್ತಿದ್ದಳು. ಹೆಸರು ಹಿಡಿದು ಕರೆಯುವ ಹಾಗಿಲ್ಲ. "ಓಯ್, ಕೇಳಿತಾ" ಎಂಬುದೇ ಅವಳ ಬಾಯಲ್ಲಿ ಉಪ್ಪನ ಹೆಸರು.

ಮನೆಯೊಳಗೆ ನಾವು ಆಡುತ್ತಿದ್ದದ್ದು ಬ್ಯಾರಿ ಭಾಷೆ, ಕಾರು ಸ್ಟ್ಯಾಂಡಿನಲ್ಲಿ ತುಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಷ್ಟರಲ್ಲಿ ಕಲಿತ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ಪುತ್ತೂರಿನಲ್ಲಿ ನನ್ನದೇ ಗ್ಯಾರೇಜು ಉಂಟು, ಯಾರ ಕೈಕೆಳಗೂ ನಿಲ್ಲಬೇಕಾಗಿ ಬಂದಿಲ್ಲ, ಅದನ್ನು ಹೇಳಿಕೊಳ್ಳಲಿಕ್ಕೆ ನನಗೆ ನಾಚಿಕೆಯೂ ಇಲ್ಲ. ಎಲ್ಲಿ ಕಲಿತದ್ದು ಎಂದು ಕೇಳುವವರಿಗೆ ನಾನು ಆ ಶೆಡ್ಡನ್ನೇ ಹೇಳುವುದು. ಆದರೆ ಅಲ್ಲಿ ನಾನು ಕಲಿತದ್ದು ಇಂಜಿನ್ ಕೆಲಸ ಒಂದೇ ಎಂದು ಅವರು ತಿಳಿದುಕೊಳ್ಳುತ್ತಾರೆ.

ಉಪ್ಪ ಗಲ್ಫಿನಲ್ಲಿ ಇದ್ದದ್ದು ಒಂದು ವರ್ಕ್‌ಶಾಪಿನಲ್ಲಿ, ಹೆಡ್ ಮೆಕ್ಯಾನಿಕ್ ಆಗಿ. ಎರಡು ವರ್ಷಕ್ಕೊಮ್ಮೆ ಬಂದು, ಸ್ವಲ್ಪ ಸಮಯ ನೆಂಟರ ಹಾಗೆ ಇದ್ದು ಹೋಗುತ್ತಿದ್ದರು. ಕೊನೆಯ ಸಲ ಬಂದಾಗ ಬಲಗೈಯಲ್ಲಿ ದೊಡ್ಡ ಗಾಯದ ಗುರುತಿತ್ತು. ಇಂಜಿನ್ ಎತ್ತುವ ಸರಪಳಿ ಜಾರಿ ಕೈ ಮೇಲೆ ಬಿದ್ದದ್ದು. "ವಾಸಿಯಾಗಿದೆ, ಇನ್ನು ಹೋಗುದಿಲ್ಲ, ಊರಲ್ಲೇ ಬಾಡಿಗೆ ಕಾರು ಓಡಿಸ್ತೇನೆ" ಎಂದರು. ಗಾಯ ವಾಸಿಯಾಗಿದ್ದದ್ದು ನಿಜ. ಆದರೆ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ನಮಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಕುದಿಯುವ ಚಾದ ಗ್ಲಾಸನ್ನು ಅವರು ಮಾತಾಡುತ್ತಾ ಹಿಡಿದುಕೊಂಡೇ ಇದ್ದಾಗ. ಸಂಜೆಗೆ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ಉಮ್ಮ ನೋಡಿದಳು, ನೋಡದ ಹಾಗೆ ಇದ್ದಳು. ಮರುದಿನದಿಂದ ಅವರ ಚಾವನ್ನು ಎರಡು ಲೋಟದಲ್ಲಿ ಹೊಯ್ದು ಆರಿಸಿ ಕಿಟಕಿಯಲ್ಲಿ ಇಡತೊಡಗಿದಳು. ಚಾ ತಣ್ಣಗಿದೆ ಎಂದು ಉಪ್ಪ ಒಮ್ಮೆಯೂ ದೂರಲಿಲ್ಲ. ಅಕ್ಕ ಸಫಿಯಾಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತೇನೆ, ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತೇನೆ ಎಂದು ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬದುಕಿದ ಮನುಷ್ಯ ಅವರು.

ಕಾರು ಹಳೆಯದು, ಬಿಳಿಯದು, ಹ್ಯಾಂಡಲ್ ಹಾಕಿ ತಿರುಗಿಸಿದರೂ ಸ್ಟಾರ್ಟ್ ಆಗುವ ಕಾಲದ್ದು. ಬಂದ ಎರಡನೇ ವರ್ಷಕ್ಕೆ ಅದು ನೀಲಿ ಹೊಗೆ ಕಾರತೊಡಗಿತು. ಬೆಳಿಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಶೆಡ್ಡು ತುಂಬಾ ಹೊಗೆ, ಅದೇ ಹೊಗೆ ಕಿಟಕಿಯಿಂದ ಒಳಗೆ. ಉಮ್ಮ ಕಾವಲಿ ಮೇಲಿನ ರೊಟ್ಟಿಗೆ ಮುಚ್ಚಳ ಮುಚ್ಚಿ ಬೈಯುತ್ತಿದ್ದಳು. ಆಮೇಲೆ ದಾರಿಯಲ್ಲಿ ಸರಿಯಾಗಿಯೇ ಓಡುತ್ತಿತ್ತು. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ಒತ್ತಿದರೆ ಸಾಕು, ಹಿಂದಿನ ಬಸ್ಸು ಕಾಣದಷ್ಟು ಹೊಗೆ. ಸ್ಟ್ಯಾಂಡಿನ ಎದುರು ಚಾ ಹೋಟೆಲ್ ಇಟ್ಟಿದ್ದ ಬಾಬಣ್ಣನಿಗೆ ಅದೊಂದು ಹಬ್ಬ.

"ಬ್ಯಾರಿಗಳೇ, ಸ್ವಲ್ಪ ನಮ್ಮ ಹಿತ್ತಿಲಿಗೂ ಒಂದು ಸುತ್ತು ಬನ್ನಿ ಮಾರಾಯ್ರೆ. ಸೊಳ್ಳೆ ಜಾಸ್ತಿ ಆಗಿದೆ."

"ನಿಮ್ಮ ಹೋಟೆಲಿನ ಒಲೆಗಿಂತ ಕಡಿಮೆಯೇ ಉಂಟು, ಬಾಬಣ್ಣ."

"ಒಲೆಯಲ್ಲಿ ಚಾ ಆದರೂ ಆಗ್ತದೆ!"

ಉಪ್ಪ ನಗುತ್ತಿದ್ದರು. ರೋಗ ಏನೆಂದು ಮೊದಲ ದಿನವೇ ಅವರಿಗೆ ಗೊತ್ತಾಗಿತ್ತು. ನನಗೂ ಹೇಳಿಕೊಟ್ಟಿದ್ದರು. ಇಂಜಿನ್ನಿನ ತಲೆಯಲ್ಲಿ, ಅಂದರೆ ಹೆಡ್ಡಿನಲ್ಲಿ, ವಾಲ್ವುಗಳು ಮೇಲೆ ಕೆಳಗೆ ಆಡುತ್ತಿರುತ್ತವೆ, ಅವುಗಳ ಕಡ್ಡಿಗೆ ಸುತ್ತಲೂ ರಬ್ಬರಿನ ಸಣ್ಣ ಸೀಲು. ಬಾವಿಯ ಒದ್ದೆ ಹಗ್ಗವನ್ನು ಮುಷ್ಟಿಯೊಳಗಿಂದ ಎಳೆದರೆ ನೀರು ಮುಷ್ಟಿಯಲ್ಲೇ ಒರೆಸಿಹೋಗುವುದಿಲ್ಲವೇ, ಹಾಗೆ ಆ ಸೀಲು ಕಡ್ಡಿಯ ಆಯಿಲನ್ನು ಒರೆಸಿ ಮೇಲೆಯೇ ನಿಲ್ಲಿಸಬೇಕು. ರಬ್ಬರು ಸುಟ್ಟು ಗಟ್ಟಿಯಾದರೆ ಮುಷ್ಟಿ ಸಡಿಲ ಆದ ಹಾಗೆ. ಆಯಿಲು ಕೆಳಗೆ ಜಿನುಗಿ ಬೆಂಕಿಗೆ ಬೀಳುತ್ತದೆ, ನೀಲಿ ಹೊಗೆ ಆಗುತ್ತದೆ. ಹೊಸ ಸೀಲುಗಳನ್ನು ಪುತ್ತೂರಿನಿಂದ ತಂದು ಅಡುಗೆಮನೆಯ ಅಟ್ಟದಲ್ಲಿ ಇಟ್ಟೂ ಆಗಿತ್ತು. ಕೆಲಸ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಮಳೆ ಬಿಡಲಿ, ಪೆರ್ನಾಲ್ ಹಬ್ಬ ಕಳೆಯಲಿ, ಈ ವಾರ ಬಾಡಿಗೆ ಉಂಟು. ಗ್ಯಾರೇಜಿಗೆ ಕೊಡಿ ಎಂದು ಹೇಳುವ ಧೈರ್ಯ ನಮಗಿರಲಿಲ್ಲ. ಕೊಟ್ಟರೆ ಯಾಕೆ ಕೊಟ್ಟದ್ದು ಎಂಬ ಪ್ರಶ್ನೆ ಸ್ಟ್ಯಾಂಡಿನಲ್ಲಿ ಏಳುತ್ತಿತ್ತು.

ಆ ವರ್ಷ ಅಕ್ಕ ಹೆರಿಗೆಗೆ ಬಂದಿದ್ದಳು. ಗಂಡು ಮಗು. ಇದ್ದ ಒಂದು ಕೋಣೆ ಬಾಣಂತಿಗೆ ಹೋಯಿತು, ತೊಲೆಗೆ ತೊಟ್ಟಿಲು ಕಟ್ಟಿದರು, ನಾನು ಮತ್ತು ಉಪ್ಪ ಜಗಲಿಗೆ ಬಿದ್ದೆವು. ಅಕ್ಕನ ಗಂಡನ ಮನೆ ಸುಳ್ಯದ ಹತ್ತಿರ ಅಜ್ಜಾವರ. ಹೆರಿಗೆ ತವರಲ್ಲಿ ಆದ ಮೇಲೆ ತಾಯಿಯನ್ನೂ ಮಗುವನ್ನೂ ಗಂಡನ ಮನೆಗೆ ಮುಟ್ಟಿಸಿ ಬರುವುದು ತವರಿನವರ ಹಕ್ಕು, ನಮ್ಮಲ್ಲಿ ಹಾಗೆ. ಉಪ್ಪ ಮಗು ಹುಟ್ಟಿದ ದಿನವೇ ಹೇಳಿಬಿಟ್ಟಿದ್ದರು, ಮೊಮ್ಮಗ ನನ್ನ ಕಾರಲ್ಲೇ ಹೋಗುದು ಎಂದು. ಅಕ್ಕ ಹುಟ್ಟಿದಾಗ ಅವರು ಗಲ್ಫಿನಲ್ಲಿದ್ದರು, ನಾನು ಹುಟ್ಟಿದಾಗಲೂ. ಅವಳ ಮದುವೆಗೆ ಬಂದದ್ದು ನಿಖಾದ ಹಿಂದಿನ ದಿನ. ಆ ಮಾತಿನ ಹಿಂದೆ ಇಷ್ಟೆಲ್ಲ ಇತ್ತು. ಹೊರಡುವ ಶುಕ್ರವಾರಕ್ಕೆ ಒಂದು ವಾರ ಇರುವಾಗ ಜಂಕ್ಷನ್ನಿನ ಅಂಗಡಿಗೆ ಫೋನು ಬಂತು. ಭಾವನ ಅಣ್ಣ ಇಬ್ರಾಹಿಂ, ಅವರೇ ಮಾತಾಡಿದ್ದು. ಉಪ್ಪ ಮನೆಗೆ ಬಂದು ಜಗಲಿಯ ಕಟ್ಟೆಯಲ್ಲಿ ಕೂತರು.

"ಅವರು ಜೀಪು ಕಳಿಸ್ತಾರಂತೆ. ಹೊಸ ಜೀಪು. ನಿಮಗೆ ತೊಂದರೆ ಬೇಡ ಹಸನಾಕ, ಹೊಗೆಯಲ್ಲಿ ಮಗುವಿಗೆ ಕಷ್ಟ ಆಗಬಹುದು ಅಂದ."

ಉಪ್ಪನನ್ನು ಹಸನಾಕ ಎನ್ನುವ ಇಬ್ರಾಹಿಂ ಕಳೆದ ಸಲ ಬಂದಾಗ ಕಾರಿನ ಹೊಗೆ ಕಂಡಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅಷ್ಟರಲ್ಲಿ ಉಮ್ಮ ಅಡುಗೆಮನೆಯಿಂದಲೇ ಹೇಳಿದಳು:

"ಅವರು ಹೇಳಿದ್ದರಲ್ಲಿ ತಪ್ಪೆಂತ ಉಂಟು? ಹಸುಳೆಯನ್ನು ಆ ಹೊಗೆಯಲ್ಲಿ ನಾನೂ ಕೂರಿಸುದಿಲ್ಲ."

"ಹೊಗೆ ಇದ್ದರೆ ತಾನೆ?"

"ಇದ್ದರೆ ತಾನೆ ಅಂತ ಎಷ್ಟು ಪೆರ್ನಾಲ್ ಆಯಿತು?"

ಉಪ್ಪ ಎದ್ದು ಸ್ವಲ್ಪ ಹೊತ್ತು ಅಂಗಳದಲ್ಲಿ ತಿರುಗಾಡಿದರು. ಆಮೇಲೆ ನನ್ನ ಕಡೆ ನೋಡಿ, "ಬುಧವಾರ ಬೇಕರಿಗೆ ರಜೆ ಹೇಳು" ಎಂದರು. ನನಗಾಗ ಹದಿನೈದು ವರ್ಷ. ಶಾಲೆ ಬಿಟ್ಟು ಜಂಕ್ಷನ್ನಿನ ಬೇಕರಿಯಲ್ಲಿ ದುಡಿಯುತ್ತಿದ್ದೆ, ಮೈದಾ ಮೂಟೆ ಹೊತ್ತು ತೋಳು ಗಟ್ಟಿಯಾಗಿತ್ತು. ಈ ಕೆಲಸಕ್ಕೆ ನನ್ನ ತೋಳು ಬೇಕಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಉಪ್ಪ ಶೆಡ್ಡಿನ ನೆಲ ಗುಡಿಸಿಸಿ, ಬೋನೆಟ್ಟನ್ನು ಪೂರ್ತಿ ಕಳಚಿ ಗೋಡೆಗೆ ಒರಗಿಸಿದರು. ಸ್ಪಾನರು ಹಿಡಿಯಲಿಕ್ಕೆ ಅವರಿಗೆ ತೊಂದರೆ ಇರಲಿಲ್ಲ, ಮುಷ್ಟಿಯ ಬಲ ಹೋಗಿರಲಿಲ್ಲ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದರು, ವಾಲ್ವುಗಳನ್ನು ಒತ್ತುವ ರಾಕರುಗಳನ್ನು ತೆಗೆದು ಸಾಲಾಗಿ ಗೋಣಿಯ ಮೇಲೆ ಜೋಡಿಸಿದರು. ಕೆಳಗೆ ಆಯಿಲು ಇಳಿಯುವ ತೂತುಗಳಿಗೆಲ್ಲ ಹಳೆಯ ಲುಂಗಿಯ ಚೂರು ತುರುಕಿಸಿದರು. ಇನ್ನು ಸ್ಪ್ರಿಂಗು ಒತ್ತಿ, ಅದನ್ನು ಹಿಡಿದಿರುವ ಲಾಕು ತೆಗೆದರೆ ಸ್ಪ್ರಿಂಗು ಹೊರಗೆ ಬರುತ್ತದೆ, ಸೀಲು ಕಾಣುತ್ತದೆ. ಆದರೆ ಲಾಕು ತೆಗೆದ ಕೂಡಲೇ ಕೆಳಗೆ ಆಧಾರ ಇಲ್ಲದ ವಾಲ್ವು ಸೀದಾ ಸಿಲಿಂಡರಿನ ಒಳಗೆ ಬೀಳುತ್ತದೆ. ಬಿದ್ದರೆ ಇಡೀ ಹೆಡ್ಡನ್ನೇ ಇಳಿಸಬೇಕು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಅವರ ಹತ್ತಿರ ಒಂದು ಉಪಾಯ ಇತ್ತು. ಸ್ಪಾರ್ಕ್ ಪ್ಲಗ್ಗು ತೆಗೆದ ತೂತಿನಿಂದ ಸಿಲಿಂಡರಿಗೆ ಹಗ್ಗ ತುಂಬುವುದು, ಹ್ಯಾಂಡಲ್ ತಿರುಗಿಸಿ ಪಿಸ್ಟನ್ನನ್ನು ಮೇಲೆ ತರುವುದು. ಹಗ್ಗದ ಮುದ್ದೆ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಸಿಕ್ಕಿ, ಕೆಳಗಿನಿಂದ ಯಾರೋ ಬೆರಳು ಕೊಟ್ಟು ಹಿಡಿದ ಹಾಗೆ ವಾಲ್ವನ್ನು ಎತ್ತಿ ಹಿಡಿಯುತ್ತದೆ. ಸರಿ, ಹಗ್ಗ? ಬಾವಿಯ ಹಗ್ಗ ದಪ್ಪ ಆಯಿತು. ತೆಂಗಿನ ನಾರಿನದ್ದು ಒಳಗೆ ನಾರು ಬಿಡುತ್ತದೆ. ಉಪ್ಪ ಕೋಣೆಯ ಬಾಗಿಲಲ್ಲಿ ನಿಂತು ತೊಲೆಯ ಕಡೆ ನೋಡಿದ್ದನ್ನು ಅಕ್ಕ ನೋಡಿದಳು.

"ಉಪ್ಪಾ, ಬೇಡ."

"ಒಂದೇ ದಿನಕ್ಕೆ. ನುಣುಪು ಉಂಟು, ಹದ ಉಂಟು, ಸರಿಯಾಗಿ ತೂತಿಗೆ ಹೋಗ್ತದೆ."

"ಮಗು ಮಲಗುದು ಎಲ್ಲಿ? ನಿಮ್ಮ ಡಿಕ್ಕಿಯಲ್ಲಾ?"

"ಹೊಗೆ ಇಲ್ಲದ ಕಾರಲ್ಲಿ ಹೋಗಬೇಕಾದವನು ಅವನೇ ಅಲ್ವಾ. ಅವನ ಪಾಲಿನ ಕೆಲಸ ಅವನೂ ಮಾಡಲಿ."

ಅಕ್ಕ ನಗು ತಡೆಯಲಾಗದೆ ಮಗುವನ್ನು ಎತ್ತಿಕೊಂಡಳು. ಉಮ್ಮ ಅಡುಗೆಮನೆಯಿಂದ ಗೊಣಗಿದಳು, ಖಾಲಿ ತೊಟ್ಟಿಲು ತೂಗಬಾರದು, ತೊಟ್ಟಿಲನ್ನೂ ಇಳಿಸಿ ಮೂಲೆಯಲ್ಲಿ ಕವುಚಿ ಇಡಿ ಎಂದು. ಹಾಗೆ ನನ್ನ ಅಳಿಯನ ತೊಟ್ಟಿಲ ಹಗ್ಗ ಇಂಜಿನ್ನಿನ ಹೊಟ್ಟೆಗೆ ಹೋಯಿತು. ನಾನೇ ಬೆರಳಿನಿಂದ ದೂಡಿ ದೂಡಿ ತುಂಬಿಸಿದೆ. "ಬಾಲ ಹೊರಗೆ ಬಿಡು, ಮತ್ತೆ ಎಳೆಯಲಿಕ್ಕೆ ಬೇಕು" ಎನ್ನುತ್ತಾ ಉಪ್ಪ ಮುಂದೆ ಹ್ಯಾಂಡಲನ್ನು ಮೆಲ್ಲ ತಿರುಗಿಸಿದರು. ಒಂದು ಕಡೆ ಹ್ಯಾಂಡಲು ಮೆತ್ತಗೆ ನಿಂತಿತು. "ಸಿಕ್ಕಿತು" ಎಂದರು.

ಸ್ಪ್ರಿಂಗು ಒತ್ತಲಿಕ್ಕೆ ಉಪ್ಪ ಪಟ್ಟಿ ಕಬ್ಬಿಣವನ್ನು ಬಾಗಿಸಿ, ತುದಿಗೆ ಬಾಯಿ ತೆರೆದು ಒಂದು ಸಲಾಕೆ ಮಾಡಿಸಿದ್ದರು. ಅದರ ಒಂದು ತುದಿಯನ್ನು ಬೋಲ್ಟಿಗೆ ಸಿಕ್ಕಿಸಿ ಇನ್ನೊಂದು ತುದಿಯಲ್ಲಿ ನಾನು ಮೈಭಾರ ಬಿಟ್ಟು ಒತ್ತಬೇಕು. ಸ್ಪ್ರಿಂಗು ಇಳಿಯಿತು. ಉಪ್ಪ ಅಯಸ್ಕಾಂತದ ತುಂಡು ತಾಗಿಸಿ ಲಾಕುಗಳನ್ನು ಎತ್ತಿದರು. ಸೀಳಿದ ಕಡಲೆಯ ಎರಡು ಬೇಳೆಗಳಂತೆ ಎರಡು ಸಣ್ಣ ಕಬ್ಬಿಣದ ಚೂರು, ಅಷ್ಟೇ. ಅಷ್ಟೇ ಇಡೀ ವಾಲ್ವನ್ನು ಹಿಡಿದಿಡುವುದು. ಸ್ಪ್ರಿಂಗು ಬಂತು, ಹಳೆಯ ಸೀಲು ಇಕ್ಕಳಕ್ಕೆ ಸಿಕ್ಕಿ ಸುಟ್ಟ ಹಪ್ಪಳದ ಹಾಗೆ ಪುಡಿಯಾಯಿತು. ವಾಲ್ವಿನ ತುದಿಗೆ ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹೊಸ ಸೀಲು ಜಾರಿಸಿ, ಪೈಪಿನ ತುಂಡಿನಿಂದ ಮೆಲ್ಲ ತಟ್ಟಿ ಕೂರಿಸಿದರು. ಎಲ್ಲ ಆಯಿತು. ಸ್ಪ್ರಿಂಗು ಇಟ್ಟು ನಾನು ಮತ್ತೆ ಒತ್ತಿ ಹಿಡಿದೆ. ಈಗ ಲಾಕು ವಾಪಸು ಹಾಕಬೇಕು. ತೆಗೆಯುವುದನ್ನು ಅಯಸ್ಕಾಂತ ಮಾಡುತ್ತದೆ. ಹಾಕಲಿಕ್ಕೆ ಬೆರಳೇ ಬೇಕು.

ಮೊದಲ ಸಲ ಲಾಕು ಜಾರಿ ಲುಂಗಿಯ ಚೂರಿನ ಮೇಲೆ ಬಿತ್ತು. ಎರಡನೆಯ ಸಲವೂ. ಉಪ್ಪ ಎಡಗೈಗೆ ಬದಲಾಯಿಸಿದರು, ಎಡಗೈಗೆ ಆ ವಿದ್ಯೆ ಬರಲಿಲ್ಲ. ಗ್ರೀಸು ಕೈಯಲ್ಲೆಲ್ಲ ಆಯಿತು, ಹಣೆಯ ಬೆವರು ಮೂಗಿನ ತುದಿಗೆ ಬಂತು. ಮತ್ತೆ ಬಲಗೈಯಲ್ಲಿ ಹಿಡಿದರು. ಮೂರು ಬೆರಳುಗಳನ್ನು ಕೊಕ್ಕಿನ ಹಾಗೆ ಮಾಡಿ, ಉಸಿರು ಹಿಡಿದು, ಬಗ್ಗಿ, ಮೆಲ್ಲ ಕೈ ಒಳಗೆ ಒಯ್ದರು. ದಾರಿಯಲ್ಲೇ ಲಾಕು ಬಿದ್ದುಹೋಯಿತು. ಇಂಜಿನ್ನಿಗೆ ತಾಗಿ ಟಿಣ್ ಎಂದು ಹಾರಿ ನೆಲಕ್ಕೆ ಹಾಸಿದ ಮರಳಿಗೆ, ಆ ಹೊಯ್ಗೆಗೆ ಬಿತ್ತು. ನನಗೆ ಕೇಳಿತು, ಕಿಟಕಿಯಲ್ಲಿದ್ದ ಉಮ್ಮನಿಗೂ ಕೇಳಿತು. ಬಾಣಂತಿ ಕೋಣೆಯಲ್ಲಿ ಮಗು ಅಳುತ್ತಿತ್ತು, ಲಾಕಿನ ಮೇಲೆಯೇ ಮನಸ್ಸಿಟ್ಟು ಬಗ್ಗಿದ್ದ ಉಪ್ಪನಿಗೆ ಕೇಳಲಿಲ್ಲ. ಬೆರಳಿಗೂ ಗೊತ್ತಾಗಲಿಲ್ಲ. ಅವರ ಮೂರು ಬೆರಳುಗಳು ಹಿಡಿದ ಹಾಗೆಯೇ ಇದ್ದವು. ಇಲ್ಲದ ಲಾಕನ್ನು ಅವರು ಅಷ್ಟು ಜಾಗ್ರತೆಯಿಂದ ಒಯ್ದು, ಕಡ್ಡಿಯ ಕಚ್ಚಿಗೆ ತಾಗಿಸಿ, ತಿರುಗಿಸಿ ಕೂರಿಸುತ್ತಿದ್ದರು.

ನಾನು ಸಲಾಕೆ ಒತ್ತಿಕೊಂಡೇ ಉಮ್ಮನ ಮುಖ ನೋಡಿದೆ. ಹೇಳಲಾ ಬೇಡವಾ ಎಂದು. ಅವಳು ಕಿಟಕಿಯಿಂದ ಮಾಯವಾದಳು. ಉಪ್ಪ ಬೆರಳು ತೆಗೆದು ನೋಡಿದರು. ಜಾಗ ಖಾಲಿ. ಬೆರಳನ್ನು ನೋಡಿದರು, ಅದೂ ಖಾಲಿ.

"ಎಲ್ಲಿ ಹೋಯಿತು?"

"ನೆಲದಲ್ಲಿ, ಉಪ್ಪಾ."

"ಯಾವಾಗ?"

ನಾನು ಸಲಾಕೆಯನ್ನು ಇನ್ನಷ್ಟು ಒತ್ತಿ ಹಿಡಿದೆ. ಅವರು ಮಡ್ಗಾರ್ಡಿನ ಮೇಲೆ ಕೂತುಬಿಟ್ಟರು. "ಸಲಾಕೆ ಬಿಡು. ಅಂಗಡಿಗೆ ಹೋಗಿ ಅಜ್ಜಾವರಕ್ಕೆ ಫೋನು ಮಾಡು. ಜೀಪು ಕಳಿಸಲಿ" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಅವರು ಬೈದಿದ್ದರೆ ಚಂದ ಇತ್ತು.

ಅಷ್ಟರಲ್ಲಿ ಉಮ್ಮ ಹೊರಗಿನಿಂದ ಸುತ್ತಿ ಶೆಡ್ಡಿಗೆ ಬಂದಳು, ಕೈಯಲ್ಲಿ ತಡ್ಪೆ. ನಮ್ಮ ಊರಿನ ಹೆಂಗಸರು ಮೊರದಂಥ ಆ ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬೀಡಿ ಕಟ್ಟುವುದು. ಉಪ್ಪ ಗಲ್ಫಿನಲ್ಲಿದ್ದ ವರ್ಷಗಳಲ್ಲಿ ಕೂಡ ಉಮ್ಮ ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಕೊಡುವುದನ್ನು ಬಿಟ್ಟವಳಲ್ಲ. ತಡ್ಪೆಯಲ್ಲಿದ್ದ ಎಲೆ, ಹೊಗೆಸೊಪ್ಪು ಎಲ್ಲ ಒಳಗೆ ಸುರಿದು ಬಂದಿದ್ದಳು. ಕುಕ್ಕರುಗಾಲಲ್ಲಿ ಕೂತು, ಟಯರಿನ ಬುಡದ ಹೊಯ್ಗೆಯನ್ನು ಬೊಗಸೆಯಲ್ಲಿ ತುಂಬಿ ತಡ್ಪೆಗೆ ಹಾಕಿ ಕೇರತೊಡಗಿದಳು. ಅಕ್ಕಿಯಿಂದ ಕಲ್ಲು ತೆಗೆಯುವುದೂ ಹೊಯ್ಗೆಯಿಂದ ಕಬ್ಬಿಣ ತೆಗೆಯುವುದೂ ಅವಳಿಗೆ ಒಂದೇ. ಲಾಕು ತಡ್ಪೆಯ ಅಂಚಿಗೆ ಬಂದು ನಿಂತಿತು. ಸೆರಗಿನಲ್ಲಿ ಒರೆಸಿದಳು. ಉಪ್ಪ ಕೈ ಚಾಚಿದರು. ಅವಳು ಕೊಡಲಿಲ್ಲ.

"ಎಲ್ಲಿಗೆ ಹಾಕಬೇಕು ಹೇಳಿ."

"ನಿನ್ನಿಂದ ಆಗುದಿಲ್ಲ ಇದು."

"ಬೀಡಿಯ ಬಾಯಿಗಿಂತ ದೊಡ್ಡದೇ ಉಂಟು. ಎಲ್ಲಿಗೆ ಹೇಳಿ."

ಉಪ್ಪ ನನ್ನ ಕಡೆ ನೋಡಿದರು, ನಾನು ಸಲಾಕೆಯ ಕಡೆ ನೋಡಿದೆ. ದೂರ ಕಬಕ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿ ನಿಂತಿತು. ಆಮೇಲೆ ಅವರು ಎದ್ದರು. ಎದ್ದು ಉಮ್ಮನ ಪಕ್ಕದಲ್ಲಿ ಇಂಜಿನ್ನಿನ ಮೇಲೆ ಬಗ್ಗಿದರು.

"ಮೊದಲು ಗ್ರೀಸು. ಜಾಸ್ತಿ ಬೇಡ, ವೀಳ್ಯದೆಲೆಗೆ ಸುಣ್ಣ ಹಚ್ಚಿದ ಹಾಗೆ. ಹಾಂ. ಅಗಲ ಇರುವ ಕಡೆ ಮೇಲೆ. ಆ ಕಡ್ಡಿಯಲ್ಲಿ ಸಣ್ಣ ಗೆರೆ ಕಾಣುತ್ತಾ?"

"ಕಾಣುದಿಲ್ಲ."

"ಕಾಣದಿದ್ದರೆ ಪರವಾಗಿಲ್ಲ, ಉಗುರು ತಾಗಿಸಿ ನೋಡು. ಕಚ್ಚು ಸಿಗ್ತದೆ."

"ಸಿಕ್ಕಿತು."

"ಒಳಗಿನ ಬೆನ್ನಲ್ಲಿ ಒಂದು ಏಣು ಉಂಟಲ್ಲ, ಅದು ಆ ಕಚ್ಚಿಗೆ ಕೂರಬೇಕು. ಇನ್ನು ನೀನೇ."

ಉಮ್ಮನ ಬೆರಳು ಒಳಗೆ ಹೋದದ್ದು, ಬಂದದ್ದು, ಎರಡನೇ ಚೂರನ್ನು ಒಯ್ದದ್ದು ನನಗೆ ಸರಿಯಾಗಿ ಕಾಣಲೇ ಇಲ್ಲ. ಬೀಡಿಯ ಬಾಯಿ ಮಡಚುವಾಗಿನ ಹಾಗೆ ಹೆಬ್ಬೆರಳು ಒಮ್ಮೆ ತಿರುಗಿದ್ದು ಕಂಡಿತು. "ಬಿಡು" ಎಂದಳು ನನಗೆ, ಇಂಜಿನ್ ಕೆಲಸದಲ್ಲೇ ಹುಟ್ಟಿದವಳ ಹಾಗೆ. ನಾನು ಸಲಾಕೆಯನ್ನು ಮೆಲ್ಲ ಬಿಟ್ಟೆ. ಸ್ಪ್ರಿಂಗು ಮೇಲೆ ಬಂದು ಲಾಕುಗಳನ್ನು ಕಚ್ಚಿ ಹಿಡಿಯಿತು. ಉಪ್ಪ ಮರದ ಸುತ್ತಿಗೆಯಿಂದ ಒಮ್ಮೆ ಟಕ್ ಎಂದು ತಟ್ಟಿದರು. ಅಲ್ಲಾಡಲಿಲ್ಲ.

"ಮುಂದಿನದ್ದು?" ಎಂದಳು ಉಮ್ಮ.

ಮಧ್ಯಾಹ್ನದ ಊಟಕ್ಕೆ ಗಂಜಿ ಮತ್ತು ಚಟ್ನಿ ಮಾತ್ರ, ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬೇಯಿಸಿದ್ದು. ಉಳಿದ ವಾಲ್ವುಗಳನ್ನು ಆ ದಿನ ಮತ್ತು ಮರುದಿನ ಹಗಲಲ್ಲಿ ಮುಗಿಸಿದೆವು. ಆ ಎರಡು ದಿನ ಸಲಾಕೆ ಒತ್ತಿ ನಿಂತಲ್ಲಿಂದ ನಾನು ನೋಡಿದ್ದನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷ ಆದರೂ ಅವರಿಬ್ಬರೂ ಅಕ್ಕಪಕ್ಕ ನಿಂತು ಒಂದು ಕೆಲಸ ಮಾಡಿದ್ದೇ ಇರಲಿಲ್ಲ. ಒಬ್ಬರು ಸಮುದ್ರದ ಆಚೆ, ಒಬ್ಬರು ಈಚೆ. ಬಂದಾಗಲೂ ಒಬ್ಬರು ಕಿಟಕಿಯ ಆ ಬದಿ, ಒಬ್ಬರು ಈ ಬದಿ. ಈಗ ಎರಡು ತಲೆ ಒಂದೇ ಇಂಜಿನ್ನಿನ ಮೇಲೆ. ಉಮ್ಮ ತಲೆಗೆ ಹೊದ್ದ ಕವುಣಿ ಜಾರಿ ಗ್ರೀಸಿಗೆ ಬೀಳುವಾಗ ಉಪ್ಪ ಎಡಗೈಯಿಂದ ಎತ್ತಿ ಅವಳ ಹೆಗಲಿಗೆ ಹಾಕುವರು, ಮಾತು ನಿಲ್ಲಿಸದೆ. ಜಗಳವೂ ನಡೆಯುತ್ತಿತ್ತು. ಒಮ್ಮೆ ಉಪ್ಪ, "ಅವಸರ ಮಾಡಬೇಡ, ಇದು ಬೀಡಿ ಬ್ರಾಂಚಿಗೆ ಕೊಡುವ ಲೆಕ್ಕದ ಕೆಲಸ ಅಲ್ಲ" ಎಂದದ್ದಕ್ಕೆ ಉಮ್ಮ, "ಬೀಡಿ ಸಡಿಲ ಆದರೆ ಬ್ರಾಂಚಿನವರು ಮುಖಕ್ಕೆ ಬಿಸಾಡ್ತಾರೆ. ನಿಮ್ಮ ಸೀಲು ಸಡಿಲ ಆಗಿ ಎರಡು ಪೆರ್ನಾಲ್ ಆಯಿತು, ನಿಮಗೆ ಯಾರು ಬಿಸಾಡಿದ್ದು?" ಎಂದಳು. ಉಪ್ಪ ಜೋರಾಗಿ ನಕ್ಕರು. ನಾನೂ ನಕ್ಕು ಸಲಾಕೆ ಜಾರಿ, ಇಬ್ಬರಿಂದಲೂ ಬೈಸಿಕೊಂಡೆ.

ಕೊನೆಗೆ ಹಗ್ಗ ಹೊರಗೆ ಎಳೆದಾಗ ಅದು ಕಪ್ಪು ಹಾವಿನಂತಾಗಿತ್ತು. ಅಕ್ಕ ದೂರದಿಂದಲೇ ಕೈ ಮುಗಿದಳು. ತೊಟ್ಟಿಲಿಗೆ ಬೇರೆ ಹಗ್ಗ ಬಂತು. ರಾಕರುಗಳನ್ನು ಕೂರಿಸಿ, ಅವುಗಳ ಸಂದು ಅಳೆಯುವ ತೆಳು ತಗಡನ್ನು ಉಪ್ಪ ಎಡಗೈಯಲ್ಲಿ ಹಿಡಿದು ತಾವೇ ಸರಿಮಾಡಿದರು, ಅದಕ್ಕೆ ಯಾರನ್ನೂ ಹತ್ತಿರ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡುವಾಗ ನಾವೆಲ್ಲ ಕಾರಿನ ಹಿಂದೆ ನಿಂತಿದ್ದೆವು, ಮಗು ಕೂಡ. ಮೊದಲು ಸೈಲೆನ್ಸರಿನಲ್ಲಿ ಉಳಿದಿದ್ದ ಹಳೆಯ ಆಯಿಲಿನ ಹೊಗೆ ಸ್ವಲ್ಪ ಬಂತು. ಉಮ್ಮನ ಮುಖ ಸಣ್ಣದಾಯಿತು. "ನಿಲ್ಲು, ನಿಲ್ಲು" ಎಂದು ಉಪ್ಪ ಒಳಗಿನಿಂದಲೇ ಕೈ ತೋರಿಸಿ ಆಕ್ಸಲರೇಟರ್ ಒತ್ತುತ್ತಾ ಹೋದರು. ಹೊಗೆ ತೆಳುವಾಯಿತು, ಆಮೇಲೆ ಇಲ್ಲವೇ ಇಲ್ಲ. ಬರೀ ಬಿಸಿಗಾಳಿ. ಉಮ್ಮ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು ನೋಡಿ, ಮೂಸಿ, ರೊಟ್ಟಿ ಬೇಯಿಸಲಿಕ್ಕೆ ಹೋದಳು.

ಜುಮಾ ನಮಾಜು ಮುಗಿಸಿ ಹೊರಟೆವು. ಸ್ಟ್ಯಾಂಡಿನ ಎದುರು ಉಪ್ಪ ಬೇಕೆಂದೇ ನಿಲ್ಲಿಸಿ, ಬಾಬಣ್ಣನಿಗೆ ಕಾಣುವ ಹಾಗೆ ಒಮ್ಮೆ ಜೋರಾಗಿ ಒತ್ತಿದರು. ಬಾಬಣ್ಣ ಹೋಟೆಲಿನ ಮೆಟ್ಟಿಲಿಗೆ ಬಂದು ಹಿಂದೆ ಬಗ್ಗಿ ನೋಡಿ, "ಅಯ್ಯೋ, ಇನ್ನು ಸೊಳ್ಳೆಗೆ ನಾನೆಂತ ಮಾಡುದು ಮಾರಾಯ್ರೆ!" ಎಂದ. ಪುತ್ತೂರು ದಾಟಿ, ಕುಂಬ್ರ ದಾಟಿ, ಕಾವು ಊರಿನ ಇಳಿಜಾರು ಬಂತು. ಉಪ್ಪ ಆಕ್ಸಲರೇಟರ್ ಬಿಟ್ಟು ಇಳಿಸಿದರು. ಕೆಳಗೆ ಬಂದಾಗ ಕನ್ನಡಿ ನೋಡದೆ, ನನಗೆ "ಹಿಂದೆ ನೋಡು" ಎಂದು ಒತ್ತಿದರು. ಬಿಸಿಲು, ರಸ್ತೆ, ಒಂದು ಸೈಕಲ್ಲು. ಅಷ್ಟೇ ಕಂಡದ್ದು. "ಎಂತದೂ ಇಲ್ಲ ಉಪ್ಪಾ" ಎಂದೆ. ಅಕ್ಕನ ಮಡಿಲಲ್ಲಿ ಮಗು ನಿದ್ದೆಯಲ್ಲಿತ್ತು.

ಅಜ್ಜಾವರದಲ್ಲಿ ಉಮ್ಮನನ್ನೂ ಅಕ್ಕನನ್ನೂ ಹೆಂಗಸರು ಒಳಗೆ ಕರೆದುಕೊಂಡು ಹೋದರು, ಮಗು ಕೈಯಿಂದ ಕೈಗೆ ಹೋಯಿತು. ಗಂಡಸರು ಜಗಲಿಯಲ್ಲಿ. ಅಂಗಳದಲ್ಲಿ ಇಬ್ರಾಹಿಂ ಅವರ ಹೊಸ ಜೀಪು ನಿಂತಿತ್ತು, ಅದರ ಪಕ್ಕ ನಮ್ಮ ಕಾರು. ಶರಬತ್ತು ಕುಡಿದಾದ ಮೇಲೆ ಇಬ್ರಾಹಿಂ ತಾವೇ ಹೋಗಿ ಕಾರಿನ ಬೋನೆಟ್ಟು ಎತ್ತಿದರು, ಸ್ಟಾರ್ಟ್ ಮಾಡಿಸಿದರು, ಹಿಂದೆ ಹೋಗಿ ನೋಡಿದರು. ಲಾರಿ ಇಟ್ಟುಕೊಂಡವರು, ಇಂಜಿನ್ ತಿಳಿದವರು.

"ಹೆಡ್ಡು ಇಳಿಸದೆ ಸೀಲು ಹಾಕಿದ್ದಾ ಹಸನಾಕ? ಚಂದ ಆಗಿದೆ. ಈ ಲಾಕು ಕೂರಿಸುವಾಗ ನಮ್ಮ ಮೆಕ್ಯಾನಿಕ್ಕು ಅರ್ಧ ದಿನ ಅಳ್ತಾನೆ. ನಿಮ್ಮ ಕೈ ಗಲ್ಫಿನ ಕೈ, ಅಲ್ವಾ?"

ಜಗಲಿಯಲ್ಲಿ ಭಾವ ಇದ್ದರು, ಅವರ ಉಪ್ಪ ಇದ್ದರು, ನೆರೆಯ ನಾಲ್ಕೈದು ಮಂದಿ ಇದ್ದರು. "ಹೌದು" ಎಂದರೆ ಮಾತು ಮುಗಿಯುತ್ತಿತ್ತು. ನಾನು ಹಾಗೇ ಮುಗಿಯಲಿ ಎಂದುಕೊಂಡೆ. ಉಪ್ಪ ಮಂಡಿಯ ಮೇಲಿದ್ದ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಲಾಕು ನಾನು ಹಾಕಿದ್ದಲ್ಲ ಇಬ್ರಾಹಿಂ. ಸಫಿಯಾಳ ಉಮ್ಮ ಹಾಕಿದ್ದು. ನಾನು ಹೇಳಿದೆ, ಅವಳು ಹಾಕಿದಳು. ಈ ಮೂರು ಬೆರಳಿಗೆ ಈಗ ಎಂತದೂ ಗೊತ್ತಾಗುದಿಲ್ಲ."

ಒಳಗೆ ಬಳೆಗಳ ಸದ್ದು ನಿಂತಿತು. ಬಾಗಿಲ ಪರದೆಯ ಹಿಂದೆ ಹೆಂಗಸರಿಗೆ ಎಲ್ಲ ಕೇಳುತ್ತದೆ. ಭಾವನ ಉಪ್ಪ, ಗಡ್ಡ ನರೆತ ದೊಡ್ಡ ಮನುಷ್ಯ, ಪರದೆಯ ಕಡೆ ತಿರುಗಿ ದೊಡ್ಡ ಸ್ವರದಲ್ಲಿ, "ಹಾಗಾದರೆ ನಮ್ಮ ಲಾರಿಗೂ ಒಮ್ಮೆ ಬರಬೇಕಾಯಿತು" ಎಂದರು. ಒಳಗೆ ಹೆಂಗಸರು ನಕ್ಕರು. ಉಮ್ಮನ ನಗು ಅದರಲ್ಲಿತ್ತೋ ಇಲ್ಲವೋ, ನನಗೆ ಗುರುತಿಸಲಾಗಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ನಾನೊಬ್ಬನೇ. ಉಮ್ಮ ಮುಂದೆ ಕೂತಿದ್ದಳು. ಜಾಲ್ಸೂರು ದಾಟಿತು. ಕನಕಮಜಲಿನ ಹತ್ತಿರ ಉಪ್ಪ ರಸ್ತೆ ಬದಿಯ ನೆರಳಿಗೆ ಕಾರು ನಿಲ್ಲಿಸಿದರು, ಇಂಜಿನ್ ಸ್ವಲ್ಪ ಆರಲಿ ಎಂದು. ಬಿಸಿ ಏನೂ ಆಗಿರಲಿಲ್ಲ.

"ಅಷ್ಟು ಜನರ ಎದುರು ಹೇಳುದೆಂತಕ್ಕೆ?" ಎಂದಳು ಉಮ್ಮ.

"ಸುಳ್ಳು ಹೇಳುದಾ?"

"ಸುಳ್ಳು ಬೇಡ. ಸುಮ್ಮನೆ ಇರಬಹುದಿತ್ತು."

"ಇಷ್ಟು ಸಮಯ ಸುಮ್ಮನೆಯೇ ಇದ್ದೆನಲ್ಲ."

ಉಮ್ಮ ಹೊರಗೆ ನೋಡುತ್ತಾ ಕೂತಳು. ಒಂದು ಬಸ್ಸು ಹೋಯಿತು, ಧೂಳು ಎದ್ದು ಇಳಿಯಿತು. ಆಮೇಲೆ ಅವಳು ಸ್ಟಿಯರಿಂಗಿನ ಮೇಲಿದ್ದ ಅವರ ಬಲಗೈಯನ್ನು ಎತ್ತಿ ತನ್ನ ಮಡಿಲಿಗೆ ತಂದುಕೊಂಡಳು. ಮಗ ಹಿಂದೆ ಇದ್ದಾನೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು, ಅಥವಾ ಇರಲಿ ಎಂದುಕೊಂಡರು. ಅವಳು ಹೆಬ್ಬೆರಳಿನ ತುದಿಯನ್ನು ಉಗುರಿನಿಂದ ಚಿವುಟಿದಳು.

"ಇದು ಗೊತ್ತಾಗುತ್ತಾ?"

"ಇಲ್ಲ."

ಪಕ್ಕದ ಬೆರಳು. "ಇದು?"

"ಇಲ್ಲ."

ಅದರ ಪಕ್ಕದ್ದನ್ನು ಚಿವುಟಲಿಲ್ಲ. ಬುಡದಿಂದ ತುದಿಯವರೆಗೆ ಮೆಲ್ಲ ಒತ್ತುತ್ತಾ ಹೋದಳು.

"ಇದು?"

ಉಪ್ಪ ಕಣ್ಣು ಮುಚ್ಚಿದರು. ಇಂಜಿನ್ನಿನ ಸದ್ದು ಕೇಳುವಾಗ ಮುಚ್ಚುತ್ತಿದ್ದ ಹಾಗೆಯೇ.

"ಸ್ವಲ್ಪ," ಎಂದರು.